ಹಸ್ತಪ್ರತಿಸೂಚಿಯ ಜಾಲತಾಣ: ವಿಶ್ವವಿದ್ಯಾಲಯದ ನಿಯೋಜಿತ ಕಾರ್ಯವಾಗಿ ಅದರ ವಿನ್ಯಾಸ

ವಿಶ್ವವಿದ್ಯಾಲಯಗಳ ಗಣಕವಿಜ್ಞಾನ, ಗ್ರಂಥಾಲಯವಿಜ್ಞಾನ ಮೊದಲಾದ ವಿಭಾಗಗಳಲ್ಲಿ ವಿದ್ಯಾರ್ಥಿಗಳಿಗೆ ‘ಬಳಕೆದಾರಸ್ನೇಹಿ’ಯಾದ ಜಾಲತಾಣವೊಂದನ್ನು ಒಂದು ಸೆಮಿಸ್ಟರಿನ ಅವಧಿಯಲ್ಲಿ ವಿನ್ಯಾಸಗೊಳಿಸಿ ಒಪ್ಪಿಸುವ ನಿಯೋಜಿತ ಕಾರ್ಯವನ್ನು ಕೊಡುವ ಪದ್ಧತಿಯುಂಟು. ಅಂಗಡಿ, ಉಪಾಹಾರಗೃಹ, ಪ್ರವಾಸಸ್ಥಳ, ಕಾಲೇಜಿನ ಗ್ರಂಥಾಲಯ ಇವು ಇಂತಹ ಕಾರ್ಯಕ್ಕೆ ಸಾಮಾನ್ಯವಾಗಿ ಆರಿಸಿಕೊಳ್ಳುವ ವಿಷಯಗಳು. ಹಸ್ತಪ್ರತಿ ಭಂಡಾರದ ಸೂಚಿಯೂ ಇದಕ್ಕೆ ಅತ್ಯಂತ ಯೋಗ್ಯವಾದ ವಿಷಯವಾಗಬಲ್ಲುದು. ವಿದ್ಯಾರ್ಥಿಗಳಿಗೆ ಕಲ್ಪಿತವಲ್ಲದ ನಿಜವಾದ ಸಾಮಗ್ರಿ ದೊರೆಯುತ್ತದೆ. ಭಂಡಾರದವರಿಗೆ ವಿಶೇಷ ವೆಚ್ಚವಿಲ್ಲದೆ ಸೂಚಿಯು ಲೋಕದ ಮುಂದೆ ಬರುತ್ತದೆ. ಆದರೆ ಈ ಕಾರ್ಯವು ಯಾವ ಕ್ರಮದಲ್ಲಿ ನಡೆಯತಕ್ಕದ್ದು, ಅದರಲ್ಲಿ ಪಂಡಿತರಿಗೆ ಯಾವ ಸ್ಥಾನವಿದೆ ಎಂಬುದನ್ನು ಅರಿಯದೆ ಸಮ್ಮತಿ ಕೊಟ್ಟರೆ, ನೋಡುವುದಕ್ಕೆ ಚೆಲುವಾಗಿದ್ದು ಬೇಕಾದ ಗ್ರಂಥವನ್ನು ಮಾತ್ರ ತೋರಿಸದ ತಾಣವೊಂದು ಫಲವಾಗಿ ಉಳಿಯುತ್ತದೆ.

ಅಂಗಡಿಯ ತಾಣದಲ್ಲಿ ವಸ್ತು ಸಿಕ್ಕದಿದ್ದರೆ ಗಿರಾಕಿಯು ಬೇರೊಂದು ಅಂಗಡಿಗೆ ಹೋಗುತ್ತಾನೆ, ಹಾನಿ ಅಲ್ಪ. ಸೂಚಿಯ ತಾಣದಲ್ಲಿ ಹಾಗಲ್ಲ. ಭಂಡಾರದಲ್ಲಿರುವ ಪ್ರತಿಯೊಂದನ್ನು ತಾಣವು ‘ಇಲ್ಲ’ವೆಂದು ಹೇಳಿದರೆ, ಗ್ರಂಥಸಂಪಾದಕನು ಅದನ್ನು ನಂಬಿ ಆ ಪ್ರತಿಯನ್ನು ಬಿಟ್ಟು ಪಾಠನಿರ್ಣಯ ಮಾಡುತ್ತಾನೆ. ಬಿಟ್ಟ ಪ್ರತಿಯೇ ಪ್ರಾಚೀನತಮವಾಗಿದ್ದರೂ ಇರಬಹುದು. ಯಾರೂ ಕೇಳದ ಓಲೆಕಟ್ಟನ್ನು ಯಾರೂ ಬಿಚ್ಚುವುದಿಲ್ಲ. ಬಿಚ್ಚದ ಕಟ್ಟಿನಲ್ಲಿ ಹುಳು ಕೆಲಸ ಮಾಡುತ್ತದೆ. ಆದ್ದರಿಂದ ಇಂತಹ ತಾಣದ ಗುಣದೋಷವಿಚಾರವು ಕೇವಲ ಅನುಕೂಲ ಅನನುಕೂಲಗಳ ಪ್ರಶ್ನೆಯಾಗಿರದೆ ಗ್ರಂಥರಕ್ಷಣೆಯ ಪ್ರಶ್ನೆಯೂ ಆಗಿದೆ.

ಮುದ್ರಿತ ಸೂಚಿಗಳನ್ನು ಬಳಸಿದವರಿಗೆ ಈ ತೊಡಕು ಹೊಸದಲ್ಲ. 1944ರಲ್ಲಿ ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಿಂದ ಪ್ರಕಟವಾದ ಹ. ದಾ. ವೇಲಣಕರರ ‘ಜಿನರತ್ನಕೋಶ’ದ ಮೊದಲ ಸಂಪುಟವು ಕೃತಿನಾಮಗಳ ಅಕಾರಾದಿಯಾಗಿದೆ, ಕರ್ತೃವಿನ ಹೆಸರನ್ನು ಮಾತ್ರ ಬಲ್ಲವನಿಗೆ ಅದರಲ್ಲಿ ದಾರಿ ಸುಲಭವಲ್ಲ. 1948ರಲ್ಲಿ ಭಾರತೀಯ ಜ್ಞಾನಪೀಠವು ಪ್ರಕಟಿಸಿದ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯು ಮೂಡುಬಿದಿರೆ, ಕಾರ್ಕಳ ಮೊದಲಾದ ಕಡೆಯ ಭಂಡಾರಗಳನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿದ ಮಹತ್ಕಾರ್ಯ. ಆದರೂ ಮುದ್ರಿತ ಸೂಚಿಗೆ ಅದರ ಕರ್ತೃವು ಆರಿಸಿಕೊಂಡ ಒಂದೆರಡು ಬಾಗಿಲುಗಳಿಗಿಂತ ಹೆಚ್ಚು ಬಾಗಿಲುಗಳಿರಲಾರವು. ಜಾಲತಾಣದಲ್ಲಿ ಒಂದೇ ಸಾಮಗ್ರಿಗೆ ಹತ್ತು ಬಾಗಿಲುಗಳನ್ನಿಡಬಹುದು. ಯಾವ ಬಾಗಿಲುಗಳು ಬೇಕು ಎಂಬುದನ್ನು ಕಂಡುಕೊಳ್ಳುವುದೇ ಈ ನಿಯೋಜಿತ ಕಾರ್ಯದ ಸಾರ. ಬಣ್ಣ, ಚಿತ್ರ, ಅಲಂಕಾರಗಳು ಅನಂತರದವು.

‘ಸ್ನೇಹಿ’ ಎಂಬ ಮಾತಿನ ಅರ್ಥ

‘ಬಳಕೆದಾರಸ್ನೇಹಿ’ ಎಂಬ ಪದವು ಸಮಾಸದೃಷ್ಟಿಯಿಂದ ಅಷ್ಟು ಸೊಗಸಾದುದಲ್ಲವಾದರೂ ರೂಢಿಯಲ್ಲಿ ನಿಂತುಬಿಟ್ಟಿದೆ. ಅದನ್ನು ಹಲವರು ಹೊಗಳಿಕೆಯ ವಿಶೇಷಣವೆಂದು ಮಾತ್ರ ಬಳಸುತ್ತಾರೆ. ಶಾಸ್ತ್ರದಲ್ಲಿ ಅದಕ್ಕೆ ನಿಯತವಾದ ಲಕ್ಷಣವಿದೆ. ಅಂತಾರಾಷ್ಟ್ರೀಯ ಪ್ರಮಾಣಸಂಸ್ಥೆಯು 1998ರಲ್ಲಿ ಪ್ರಕಟಿಸಿ 2018ರಲ್ಲಿ ಪರಿಷ್ಕರಿಸಿದ ಐ.ಎಸ್.ಒ. 9241ರ 11ನೆಯ ಭಾಗವು ಈ ಗುಣವನ್ನು ಮೂರು ಅಂಶಗಳಿಂದ ನಿರ್ಣಯಿಸುತ್ತದೆ: ಉದ್ದೇಶವು ಸಿದ್ಧಿಸಿತೇ, ಅದಕ್ಕೆ ಎಷ್ಟು ಶ್ರಮವಾಯಿತು, ಬಳಸಿದವನಿಗೆ ತೃಪ್ತಿಯಾಯಿತೇ. ಇದಕ್ಕಿಂತ ಮುಖ್ಯವಾದುದು ಆ ಲಕ್ಷಣದಲ್ಲಿರುವ ಉಪಾಧಿ. ಈ ಮೂರನ್ನೂ ನಿರ್ದಿಷ್ಟ ಬಳಕೆದಾರರು, ನಿರ್ದಿಷ್ಟ ಉದ್ದೇಶ, ನಿರ್ದಿಷ್ಟ ಸಂದರ್ಭ ಇವುಗಳ ಅಪೇಕ್ಷೆಯಿಂದಲೇ ಹೇಳಬೇಕೇ ಹೊರತು ನಿರಪೇಕ್ಷವಾಗಿ ಹೇಳಲಾಗದು. ‘ಈ ತಾಣವು ಸುಲಭವಾಗಿದೆ’ ಎಂಬ ವಾಕ್ಯವು ‘ಯಾರಿಗೆ, ಯಾವ ಕಾರ್ಯಕ್ಕೆ’ ಎಂಬುದನ್ನು ಸೇರಿಸದ ಹೊರತು ಅಪೂರ್ಣ. ನಯವಾದದಲ್ಲಿ ಪಳಗಿದವರಿಗೆ ಈ ಸಾಪೇಕ್ಷತೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಇದರ ಸಾಧನಾಕ್ರಮವನ್ನು 1985ರಲ್ಲಿ ಗೌಲ್ಡ್ ಮತ್ತು ಲೂಯಿಸ್ ಎಂಬ ಸಂಶೋಧಕರು ಮೂರು ಸೂತ್ರಗಳಲ್ಲಿ ಸಂಗ್ರಹಿಸಿದರು. ಬಳಸುವವರನ್ನೂ ಅವರ ಕಾರ್ಯವನ್ನೂ ಆರಂಭದಲ್ಲಿಯೇ ಅರಿಯುವುದು, ಅವರು ಬಳಸುವಾಗ ಪ್ರತ್ಯಕ್ಷವಾಗಿ ನೋಡಿ ಅಳೆಯುವುದು, ಕಂಡ ದೋಷವನ್ನು ತಿದ್ದಿ ಮತ್ತೆ ನೋಡುವುದು, ಇವೇ ಆ ಮೂರು. ಜಾಲತಾಣವೆಂಬ ವಸ್ತುವೇ ಇನ್ನೂ ಇಲ್ಲದ ಕಾಲದ ಮಾತಿದು. ಟಿಮ್ ಬರ್ನರ್ಸ್‌-ಲೀ ಅವರು ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ತಮ್ಮ ಪ್ರಸ್ತಾವವನ್ನು ಮುಂದಿಟ್ಟದ್ದು 1989ರಲ್ಲಿ. ಆದರೂ ಇಂದಿನ ಪಠ್ಯಕ್ರಮಗಳಲ್ಲಿ ಈ ಕಾರ್ಯದ ಬೆನ್ನೆಲುಬಾಗಿ ಉಳಿದಿರುವುದು ಈ ಮೂರು ಸೂತ್ರಗಳೇ. ನಾಲ್ಕೈದು ವಿದ್ಯಾರ್ಥಿಗಳ ತಂಡವು ಮೊದಲು ಬಳಕೆದಾರರನ್ನು ಕಂಡು ಮಾತನಾಡುತ್ತದೆ, ವಿಷಯವಿಭಾಗವನ್ನು ಗೊತ್ತುಪಡಿಸುತ್ತದೆ, ಕಾಗದದ ಮೇಲೆ ಪುಟಗಳ ರೇಖಾಚಿತ್ರವನ್ನು ಬರೆದು ತೋರಿಸುತ್ತದೆ, ಅನಂತರ ತಾಣವನ್ನು ಕಟ್ಟಿ, ಪರೀಕ್ಷಿಸಿ, ತಿದ್ದಿ, ವರದಿಯೊಡನೆ ಒಪ್ಪಿಸುತ್ತದೆ. ಅಂಕಗಳಲ್ಲಿ ಹೆಚ್ಚಿನ ಪಾಲು ತಾಣದ ಚೆಲುವಿಗೆ ಸಲ್ಲದೆ ಈ ಕ್ರಮಕ್ಕೆ ಸಲ್ಲಬೇಕು. ಹಾಗೆ ಸಲ್ಲದ ಕಡೆ ವಿದ್ಯಾರ್ಥಿಗಳು ಮೊದಲನೆಯ ವಾರವೇ ಬಣ್ಣಗಳನ್ನು ಆರಿಸಲು ತೊಡಗುತ್ತಾರೆ.

ಬಳಕೆದಾರರು ಯಾರು

ಭಂಡಾರದ ಸೂಚಿಯನ್ನು ನೋಡಬರುವವರು ಒಂದೇ ಬಗೆಯವರಲ್ಲ. ಗ್ರಂಥಸಂಪಾದನೆಗೆ ತೊಡಗಿದ ವಿದ್ವಾಂಸನಿಗೆ ಒಂದು ಕೃತಿಯ ಸಮಸ್ತ ಪ್ರತಿಗಳು ಬೇಕು. ಕನ್ನಡ ವಿಭಾಗದ ಸಂಶೋಧನ ವಿದ್ಯಾರ್ಥಿಗೆ ಒಬ್ಬ ಕವಿಯ ಕೃತಿಗಳೋ ಒಂದು ಶತಮಾನದ ಪ್ರತಿಗಳೋ ಬೇಕು. ಭಂಡಾರದ ವ್ಯವಸ್ಥಾಪಕನಿಗೆ ಕಟ್ಟಿನ ಸಂಖ್ಯೆ, ಓಲೆಗಳ ಎಣಿಕೆ, ಅವು ಇರುವ ಪೆಟ್ಟಿಗೆ ಇವು ಬೇಕು. ಇವರಲ್ಲದೆ ವಿದ್ಯಾರ್ಥಿಗಳಿಗೆ ತಾವಾಗಿ ಹೊಳೆಯದ ಇನ್ನೊಬ್ಬನಿದ್ದಾನೆ: ತನ್ನ ಮನೆತನದವರು ಶಾಸ್ತ್ರದಾನವಾಗಿ ಬರೆಯಿಸಿಕೊಟ್ಟ ಪ್ರತಿಯು ಉಳಿದಿದೆಯೇ ಎಂದು ಕೇಳುವ ಶ್ರಾವಕ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಷ್ಟೆ. ಆ ಪರಂಪರೆಯ ಸಾಮಾನ್ಯ ದಾನಿಗಳ ಹೆಸರುಗಳು ಪ್ರತಿಗಳ ಪುಷ್ಪಿಕೆಗಳಲ್ಲಿ ಅಡಗಿವೆ. ಬರೆದವನು, ಬರೆಯಿಸಿದವನು, ಪಡೆದ ಮುನಿ ಅಥವಾ ಬಸದಿ ಇವುಗಳಿಗೆ ಪ್ರತ್ಯೇಕ ಸ್ಥಾನ ಕಲ್ಪಿಸದ ತಾಣವು ಇತಿಹಾಸದ ಒಂದು ಭಾಗವನ್ನೇ ಮುಚ್ಚಿಡುತ್ತದೆ.

ವಿಷಯವಿಭಾಗವನ್ನು ನಿರ್ಧರಿಸುವುದಕ್ಕೆ ಚೀಟಿಗಳನ್ನು ವಿಂಗಡಿಸುವ ಸರಳವಾದ ಉಪಾಯವೊಂದುಂಟು. ಐವತ್ತು ಅರವತ್ತು ಕೃತಿನಾಮಗಳನ್ನು ಒಂದೊಂದು ಚೀಟಿಯ ಮೇಲೆ ಬರೆದು ಬಳಕೆದಾರನ ಮುಂದಿಟ್ಟು, ‘ನಿಮಗೆ ಒಂದೆಡೆ ಇರಬೇಕೆಂದು ತೋರಿದವುಗಳನ್ನು ಕೂಡಿಸಿಡಿ’ ಎಂದು ಕೇಳುವುದು. ತಾವೇ ವಿಂಗಡಿಸಿದರೆ ವಿದ್ಯಾರ್ಥಿಗಳು ‘ಧರ್ಮ’, ‘ಸಾಹಿತ್ಯ’, ‘ವಿಜ್ಞಾನ’ ಎಂದು ಮೂರು ರಾಶಿ ಮಾಡುವುದು ಸಹಜ. ಅದರಲ್ಲಿ ‘ಧರ್ಮ’ದ ರಾಶಿಯೇ ಬೆಟ್ಟದಷ್ಟಾಗುತ್ತದೆ. ಪಂಡಿತನಾದವನು ಆದಿಪುರಾಣವನ್ನು ಪ್ರಥಮಾನುಯೋಗದಲ್ಲಿಯೂ, ತ್ರಿಲೋಕಸಾರವನ್ನು ಕರಣಾನುಯೋಗದಲ್ಲಿಯೂ, ರತ್ನಕರಂಡಕವನ್ನು ಚರಣಾನುಯೋಗದಲ್ಲಿಯೂ, ಸಮಯಸಾರವನ್ನು ದ್ರವ್ಯಾನುಯೋಗದಲ್ಲಿಯೂ ಇಡುತ್ತಾನೆ. ಸಾಹಿತ್ಯದ ವಿದ್ಯಾರ್ಥಿಯಾದರೋ ಅದೇ ಆದಿಪುರಾಣವನ್ನು ಚಂಪೂಕಾವ್ಯಗಳ ನಡುವೆ ಹುಡುಕುತ್ತಾನೆ. ಇವರಲ್ಲಿ ಒಬ್ಬನು ಸರಿ, ಇನ್ನೊಬ್ಬನು ತಪ್ಪು ಎಂದು ತೀರ್ಮಾನಿಸುವುದು ವಿನ್ಯಾಸಕಾರನ ಕೆಲಸವಲ್ಲ. ಮುದ್ರಿತ ಸೂಚಿಯಲ್ಲಿ ಒಂದು ಗ್ರಂಥವು ಒಂದೇ ಎಡೆಯಲ್ಲಿರಬೇಕಾಗಿತ್ತು; ಇಲ್ಲಿ ಎರಡೂ ದಾರಿಗಳಿಂದ ಅದೇ ಪುಟಕ್ಕೆ ಬರುವಂತೆ ಮಾಡುವುದು ಸಾಧ್ಯ.

ಇದಕ್ಕೂ ಮೊದಲು ಇತ್ಯರ್ಥವಾಗಬೇಕಾದ ವಿಷಯವೊಂದಿದೆ. ಕಟ್ಟು ಬೇರೆ, ಕೃತಿ ಬೇರೆ. ಒಂದು ಓಲೆಕಟ್ಟಿನಲ್ಲಿ ಮೂಲವೂ ಟೀಕೆಯೂ ಇರಬಹುದು. ಸ್ತೋತ್ರ, ಪೂಜಾವಿಧಾನ, ವೈದ್ಯಗಳು ಒಂದರ ಹಿಂದೆ ಒಂದು ಬಂದಿರಬಹುದು. ಹಾಗೆಯೇ ಒಂದು ಕೃತಿಯು ಹತ್ತು ಕಟ್ಟುಗಳಲ್ಲಿ ಪೂರ್ಣವಾಗಿಯೋ ಅಪೂರ್ಣವಾಗಿಯೋ ಇರಬಹುದು. ಅನುಭವವಿಲ್ಲದ ತಂಡವು ಕಟ್ಟಿಗೊಂದು ಸಾಲಿನಂತೆ ಕೋಷ್ಟಕ ಮಾಡಿ, ಮೊದಲನೆಯ ಕೃತಿಯ ಹೆಸರನ್ನು ಬರೆದು ಮುಂದೆ ಹೋಗುತ್ತದೆ. ಆಗ ಕಟ್ಟಿನೊಳಗಿನ ಉಳಿದ ಕೃತಿಗಳೆಲ್ಲ ಅದೃಶ್ಯವಾಗುತ್ತವೆ. ಅನಂತರ ಎಷ್ಟು ಸುಂದರವಾದ ಪುಟವನ್ನು ಕಟ್ಟಿದರೂ ಅವು ಹೊರಬರಲಾರವು. ಕೃತಿ, ಕಟ್ಟು, ಕಟ್ಟಿನೊಳಗೆ ಕೃತಿಯು ಇರುವ ಓಲೆಗಳು, ಈ ಮೂರನ್ನು ಬೇರೆಬೇರೆಯಾಗಿ ದಾಖಲಿಸಿ ಪರಸ್ಪರ ಜೋಡಿಸಬೇಕೆಂಬುದನ್ನು ಮೊದಲನೆಯ ಭೇಟಿಯಲ್ಲಿಯೇ, ಸಾಧ್ಯವಾದರೆ ಒಂದು ಕಟ್ಟನ್ನು ಬಿಚ್ಚಿ ತೋರಿಸಿ, ವಿದ್ಯಾರ್ಥಿಗಳಿಗೆ ತಿಳಿಸತಕ್ಕದ್ದು.

ಹೆಸರು, ಅಕ್ಷರ, ಕಾಲ

ಹುಡುಕುವ ಪೆಟ್ಟಿಗೆಯು ಈ ತಾಣದ ಹೃದಯ. ಅದರಲ್ಲಿ ಬಳಕೆದಾರನು ಬರೆಯುವುದು ತನಗೆ ತಿಳಿದ ಹೆಸರನ್ನೇ ಹೊರತು ಸೂಚಿಕಾರನು ಬರೆದಿಟ್ಟ ಹೆಸರನ್ನಲ್ಲ. ಜೈನ ಗ್ರಂಥಗಳಲ್ಲಿ ಈ ಅಂತರವು ಬೇರೆ ಕಡೆಗಿಂತ ದೊಡ್ಡದು. ಒಂದೇ ಆಗಮವು ಪ್ರಾಕೃತದಲ್ಲಿ ಛಕ್ಖಂಡಾಗಮ, ಸಂಸ್ಕೃತದಲ್ಲಿ ಷಟ್‌ಖಂಡಾಗಮ. ಅದರ ಟೀಕೆಯಾದ ಧವಲಾ ಎಂಬ ಹೆಸರಿನಿಂದಲೇ ಅದನ್ನು ಕೇಳುವವರು ಹೆಚ್ಚು. ಕಸಾಯಪಾಹುಡವೇ ಕಷಾಯಪ್ರಾಭೃತ, ಪೇಜ್ಜದೋಸಪಾಹುಡವೆಂದೂ ಅದಕ್ಕೆ ಹೆಸರು. ಸಮಯಸಾರವು ಸಮಯಪಾಹುಡ, ಸಮಯಪ್ರಾಭೃತ. ತತ್ತ್ವಾರ್ಥಸೂತ್ರವು ಮೋಕ್ಷಶಾಸ್ತ್ರ, ಅದರ ಕರ್ತೃ ಉಮಾಸ್ವಾತಿ, ಉಮಾಸ್ವಾಮಿ, ಗೃಧ್ರಪಿಂಛ. ದೇವನಂದಿಯೆಂದು ಹುಡುಕಿದವನಿಗೆ ಪೂಜ್ಯಪಾದನು ಸಿಕ್ಕದಿದ್ದರೆ ಆ ಹುಡುಕಾಟ ವ್ಯರ್ಥ. ಚಾವುಂಡರಾಯಪುರಾಣವು ತ್ರಿಷಷ್ಟಿಲಕ್ಷಣಮಹಾಪುರಾಣ, ಗದಾಯುದ್ಧವು ಸಾಹಸಭೀಮವಿಜಯ, ಗೊಮ್ಮಟಸಾರಕ್ಕೆ ಪಂಚಸಂಗ್ರಹವೆಂಬ ಹೆಸರುಂಟು, ಆದರೆ ಪಂಚಸಂಗ್ರಹವೆಂಬ ಬೇರೆ ಗ್ರಂಥಗಳೂ ಉಂಟು. ಗೊಮ್ಮಟಸಾರದ ಕನ್ನಡ ವೃತ್ತಿಕಾರನನ್ನು ಕೇಶವಣ್ಣನೆನ್ನುವವರೂ ಕೇಶವವರ್ಣಿಯೆನ್ನುವವರೂ ಇದ್ದಾರೆ.

ಗಣಕಯಂತ್ರಕ್ಕೆ ಇವೆಲ್ಲ ಸಂಬಂಧವಿಲ್ಲದ ಬೇರೆಬೇರೆ ಅಕ್ಷರಸರಣಿಗಳು. ಪ್ರತಿಯೊಂದು ಕೃತಿಗೂ ಒಂದು ಪ್ರಧಾನ ನಾಮವನ್ನು ಗೊತ್ತುಪಡಿಸಿ, ಉಳಿದ ಪರ್ಯಾಯನಾಮಗಳನ್ನು ಅದಕ್ಕೆ ಕಟ್ಟಿದ ಪಟ್ಟಿಯೊಂದಿಲ್ಲದೆ ಯಂತ್ರವು ಅವುಗಳ ಅಭೇದವನ್ನು ಅರಿಯಲಾರದು. ಈ ಪಟ್ಟಿಯನ್ನು ವಿದ್ಯಾರ್ಥಿಯು ಮಾಡಲಾರ. ತಂತ್ರಾಂಶವೂ ತಾನಾಗಿ ಮಾಡಿಕೊಡಲಾರದು. ಪಂಡಿತನ ಹತ್ತು ದಿನಗಳ ಶ್ರಮವು ಅತ್ಯಧಿಕ ಫಲ ಕೊಡುವುದು ಇಲ್ಲಿಯೇ. ಇಂತಹ ಪಟ್ಟಿಯೊಡನೆ ಬರಿಯ ಬಿಳಿಯ ಪುಟದಲ್ಲಿ ಒಂದು ಪೆಟ್ಟಿಗೆಯಿದ್ದರೂ ಆ ತಾಣವು, ಪಟ್ಟಿಯಿಲ್ಲದ ಚಿತ್ರಮಯ ತಾಣಕ್ಕಿಂತ ಸ್ನೇಹಿಯಾದುದು.

ಅಕ್ಷರಗಳ ವಿಷಯವು ಇದರಷ್ಟೇ ತೊಡಕಿನದು. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಅದರಲ್ಲಿ 128 ಸ್ಥಾನಗಳ ಒಂದು ವಿಭಾಗವಿದೆ. ಅದಕ್ಕೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿಟ್ಟ ಸೂಚಿಗಳು ಹಲವೆಡೆ ಇರುವುದು ಸಂಭವ. ಅವನ್ನು ಯೂನಿಕೋಡಿಗೆ ಪರಿವರ್ತಿಸದೆ ತಾಣಕ್ಕೆ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಪರಿವರ್ತಿಸಿದ ಮೇಲೂ ಒತ್ತಕ್ಷರಗಳನ್ನು ಸಾಲುಸಾಲಾಗಿ ಮೂಲದೊಡನೆ ಹೋಲಿಸಿ ನೋಡುವುದು ಅವಶ್ಯ. ಇನ್ನೊಂದು ಸೂಕ್ಷ್ಮವಿದೆ. ‘ಕೊ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಯಂತ್ರದೊಳಗೆ ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊತ್ವಗಳ ಎರಡು ಸಂಕೇತಗಳಾಗಿಯೂ ಬರೆದಿಡಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆಬೇರೆ. ಇವನ್ನು ಸಮೀಕರಿಸುವ ವಿಧಿಯು ಯೂನಿಕೋಡಿನಲ್ಲಿಯೇ ಇದೆ. ಅದನ್ನು ಪ್ರಯೋಗಿಸಲು ತಂಡವು ಮರೆಯಬಾರದು, ಅಷ್ಟೆ.

ಹಳಗನ್ನಡದ ವಿಶಿಷ್ಟಾಕ್ಷರಗಳಾದ ಱ ಮತ್ತು ೞಗಳಿಗೂ ಸ್ಥಾನಗಳಿವೆ. ಕುತೂಹಲಕರವಾದ ಸಂಗತಿಯೆಂದರೆ ೞಕಾರಕ್ಕೆ ಯೂನಿಕೋಡಿನಲ್ಲಿ ಮೊದಲು ಬಿದ್ದ ಹೆಸರು ‘ಫ’ ಎಂದು. ಇದು ಪ್ರಮಾದವೆಂದು ತಿಳಿದ ಮೇಲೂ, ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದನ್ನು ಹಾಗೆಯೇ ಉಳಿಸಿ, ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಸೇರಿಸಲಾಯಿತು. ಕೇಶಿರಾಜನು ದೇಶೀಯವೆಂದು ಪರಿಗಣಿಸಿದ ಅಕ್ಷರಕ್ಕೆ ಪರದೇಶದಲ್ಲಿ ಬಂದ ಗತಿಯಿದು. ಹಳೆಯ ಬರವಣಿಗೆಯಲ್ಲಿ ಸ್ವರರಹಿತ ನಕಾರಕ್ಕಿದ್ದ ‘ನಕಾರದ ಪೊಲ್ಲು’ ಎಂಬ ರೂಪಕ್ಕೆ 2021ರಲ್ಲಿ ಸ್ಥಾನ ದೊರೆಯಿತು. ಸ್ಥಾನವಿದ್ದ ಮಾತ್ರಕ್ಕೆ ಹುಡುಕುವವನ ಕೀಲಿಮಣೆಯಲ್ಲಿ ಆ ಅಕ್ಷರ ಸುಲಭವಾಗಿ ದೊರೆಯುತ್ತದೆಂದಲ್ಲ. ‘ಪೞೆಯ’ ಎಂಬಲ್ಲಿ ‘ಪಳೆಯ’ ಎಂದು ಬರೆದವನಿಗೂ ಗ್ರಂಥ ಸಿಕ್ಕಬೇಕು.

ಓಲೆಗಳ ಲಿಪಿಸಂಪ್ರದಾಯವು ಇದಕ್ಕೆ ಮತ್ತೊಂದು ತೊಡಕನ್ನು ಸೇರಿಸುತ್ತದೆ. ಅಲ್ಲಿ ಎ ಏಗಳ, ಒ ಓಗಳ ಭೇದವನ್ನು ತೋರಿಸದೆ ಬರೆಯುವುದು ಸಾಮಾನ್ಯ. ಪ್ರಾಕೃತ ಗ್ರಂಥಗಳ ಹಳಗನ್ನಡ ಲಿಪಿಯ ಪ್ರತಿಗಳಲ್ಲಿ ವ್ಯಂಜನದ ಹಿಂದಣ ಸೊನ್ನೆಯು ಎಷ್ಟೋ ಕಡೆ ಅನುಸ್ವಾರವಾಗಿರದೆ ಮುಂದಿನ ವ್ಯಂಜನದ ದ್ವಿತ್ವವನ್ನು ಸೂಚಿಸುತ್ತದೆ. ಪ್ರತಿಯಲ್ಲಿದ್ದುದನ್ನು ಇದ್ದಂತೆಯೇ ಬರೆದುಕೊಂಡ ಆದಿವಾಕ್ಯ ಒಂದೆಡೆ, ವಿದ್ವಾಂಸನು ಓದುವ ಶುದ್ಧರೂಪ ಇನ್ನೊಂದೆಡೆ, ಹೀಗೆ ಎರಡನ್ನೂ ಇಟ್ಟು ಹುಡುಕಾಟವು ಎರಡರಲ್ಲಿಯೂ ನಡೆಯುವಂತೆ ಮಾಡುವುದು ಲೇಸು. ಪ್ರತಿಯ ರೂಪವನ್ನು ಅಳಿಸಿ ಶುದ್ಧರೂಪವನ್ನು ಮಾತ್ರ ಉಳಿಸುವುದು ಹುಡುಕುವವನಿಗೆ ಸುಲಭವಾದೀತು. ಆದರೆ ಪಾಠವಿಮರ್ಶಕನಿಗೆ ಅದರಿಂದ ಅಪಚಾರವಾಗುತ್ತದೆ.

ಕಾಲದ ವಿಷಯದಲ್ಲಿ ವಿದ್ಯಾರ್ಥಿಗಳು ಕ್ರಿಸ್ತಶಕದ ನಾಲ್ಕಂಕಿಯ ವರ್ಷವನ್ನು ಬರೆಯುವ ಪೆಟ್ಟಿಗೆಯೊಂದನ್ನು ಮಾಡಿ ಅದನ್ನು ಕಡ್ಡಾಯಗೊಳಿಸುವುದು ಸಹಜ. ಲಿಪಿಕಾರನು ಬರೆದಿರುವುದಾದರೋ ಶಾಲಿವಾಹನ ಶಕ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ. ಶಕವರ್ಷಕ್ಕೆ 78ನ್ನು ಕೂಡಿಸಿದರೆ ಸಾಮಾನ್ಯವಾಗಿ ಕ್ರಿಸ್ತಶಕ ಬರುತ್ತದೆ. ವರ್ಷಾಂತ್ಯದ ಪುಷ್ಯ, ಮಾಘ, ಫಾಲ್ಗುಣಗಳಲ್ಲಿ ಒಂದು ವರ್ಷದ ವ್ಯತ್ಯಾಸವುಂಟಾಗಬಹುದು. ಶಕವನ್ನು ಬಿಟ್ಟು ಸಂವತ್ಸರವನ್ನು ಮಾತ್ರ ಹೇಳಿದ ಪ್ರತಿಗಳೂ ಉಂಟು. ಅರವತ್ತು ವರ್ಷಗಳಿಗೊಮ್ಮೆ ಬರುವ ಆ ಹೆಸರಿನಿಂದ ಕಾಲನಿರ್ಣಯವಾಗದು. ಇಂತಹಲ್ಲಿ ಪೆಟ್ಟಿಗೆಯನ್ನು ತುಂಬಲೇಬೇಕೆಂದು ಯಂತ್ರವು ಹಟ ಹಿಡಿದರೆ ದಾಖಲಿಸುವವನು ಊಹೆಯ ವರ್ಷವೊಂದನ್ನು ಬರೆಯುತ್ತಾನೆ, ಮುಂದೆ ಅದೇ ಪ್ರಮಾಣವೆಂದು ಉಲ್ಲೇಖಗೊಳ್ಳುತ್ತದೆ. ಪ್ರತಿಯ ಮಾತು, ಅದರಿಂದ ಗಣಿಸಿದ ವರ್ಷ, ಗಣನೆ ಅಸಾಧ್ಯವಾದಲ್ಲಿ ಖಾಲಿ ಬಿಡುವ ಸ್ವಾತಂತ್ರ್ಯ, ಇವು ಮೂರೂ ಇರತಕ್ಕದ್ದು.

ಬಣ್ಣ, ವಿನ್ಯಾಸಗಳ ಬಗ್ಗೆ ಬಹಳ ಹೇಳಬೇಕಾದುದಿಲ್ಲ. ಹಸ್ತಪ್ರತಿಯ ತಾಣವೆಂದೊಡನೆ ಓಲೆಯ ಚಿತ್ರವನ್ನು ಹಿನ್ನೆಲೆಯಾಗಿಟ್ಟು ಅದರ ಮೇಲೆ ಕಂದು ಅಕ್ಷರಗಳನ್ನು ಬರೆಯಬೇಕೆಂಬ ಆಸೆ ವಿನ್ಯಾಸಕಾರನಿಗೆ ಹುಟ್ಟುತ್ತದೆ. ವಯಸ್ಸಾದ ಕಣ್ಣುಗಳಿಗೆ ಅದು ಶಿಕ್ಷೆ. ಜಾಲತಾಣಗಳ ಸುಗಮ್ಯತೆಗಾಗಿ 2008ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಮಾರ್ಗಸೂಚಿಯ 2.0 ಆವೃತ್ತಿಯು ಅದರ ಮಧ್ಯಮ ಶ್ರೇಣಿಯಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಕಾಂತಿಭೇದವನ್ನು ವಿಧಿಸಿದೆ. 2023ರಲ್ಲಿ ಬಂದ 2.2 ಆವೃತ್ತಿಯಲ್ಲಿಯೂ ಅದು ಹಾಗೆಯೇ ಇದೆ. ಕನ್ನಡದ ಬರಹವನ್ನು ಚಿತ್ರವಾಗಿ ಅಂಟಿಸುವುದಂತೂ ಕೂಡದು. ಹುಡುಕಾಟಕ್ಕೂ ಅದು ಸಿಕ್ಕದು, ಕಣ್ಣಿಲ್ಲದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಸಿಕ್ಕದು.

ಪರೀಕ್ಷೆ

ತಾಣವನ್ನು ಪರೀಕ್ಷಿಸುವ ಬಗೆಗಳು ಎರಡು. ಒಂದು, ನಿಯಮಗಳನ್ನು ಕೈಯಲ್ಲಿಟ್ಟುಕೊಂಡು ಬಲ್ಲವರು ತಾಣವನ್ನು ನೋಡುವುದು. ಇದಕ್ಕೆ ಯಾಕೋಬ್ ನೀಲ್ಸನ್ನರು ಮೋಲಿಕ್ ಎಂಬುವರೊಡನೆ 1990ರಲ್ಲಿ ರೂಪಿಸಿ 1994ರಲ್ಲಿ ಪರಿಷ್ಕರಿಸಿದ ಹತ್ತು ನಿಯಮಗಳು ಪಠ್ಯಕ್ರಮಗಳಲ್ಲಿ ಪ್ರಸಿದ್ಧವಾಗಿವೆ. ತಾಣವು ಬಳಕೆದಾರನ ಭಾಷೆಯಲ್ಲಿ ಮಾತನಾಡಬೇಕು, ತಪ್ಪಾದಾಗ ಕಾರಣವನ್ನೂ ಪರಿಹಾರವನ್ನೂ ಹೇಳಬೇಕು ಎಂಬವು ಅವುಗಳಲ್ಲಿ ಕೆಲವು. ಸೂಚಿಯ ತಾಣದಲ್ಲಿ ಇವುಗಳ ಒರೆಗಲ್ಲು ಏನೂ ದೊರೆಯದಾಗ ಬರುವ ಪುಟವೇ. ‘ಫಲಿತಾಂಶವಿಲ್ಲ’ ಎಂಬ ಒಂದೇ ಮಾತು ಅಲ್ಲಿ ಅಪಾಯಕರ. ಯಾವ ಭಂಡಾರದ ಎಷ್ಟು ಕಟ್ಟುಗಳ ಸೂಚಿಯು ಈವರೆಗೆ ತಾಣಕ್ಕೆ ಸೇರಿದೆ, ಹುಡುಕಿದ ಹೆಸರಿಗೆ ಹತ್ತಿರವಾದ ಹೆಸರುಗಳಾವುವು, ಇನ್ನೂ ಸೂಚಿಯಾಗದ ಕಟ್ಟುಗಳೆಷ್ಟು ಎಂಬುದನ್ನು ಆ ಪುಟ ಹೇಳಬೇಕು. ಸೂಚಿಯಲ್ಲಿಲ್ಲ ಎಂಬುದು ಬೇರೆ, ಭಂಡಾರದಲ್ಲಿಲ್ಲ ಎಂಬುದು ಬೇರೆ. ‘ಸ್ಯಾತ್’ ಪದವಿಲ್ಲದ ‘ನಾಸ್ತಿ’ಯು ದುರ್ನಯವೆಂದು ಬಲ್ಲವರು ಈ ಒಂದು ಪುಟವನ್ನು ತಾವೇ ಕುಳಿತು ಬರೆಯಿಸುವುದು ಒಳ್ಳೆಯದು.

ಎರಡನೆಯದು ಬಳಕೆದಾರನನ್ನೇ ಕೂರಿಸಿ ನೋಡುವುದು. ಅವನಿಗೆ ಕಾರ್ಯವೊಂದನ್ನು ಕೊಟ್ಟು, ಮನಸ್ಸಿನಲ್ಲಿ ಬಂದುದನ್ನು ಗಟ್ಟಿಯಾಗಿ ಹೇಳುತ್ತ ಮಾಡುವಂತೆ ಕೇಳಿ, ನೋಡುವವರು ಮೌನವಾಗಿ ಬರೆದುಕೊಳ್ಳುತ್ತಾರೆ. ಕಾರ್ಯವನ್ನು ಪುಟದ ಮೇಲಿರುವ ಮಾತುಗಳಿಂದ ಹೇಳಬಾರದು. ‘ಕರ್ತೃಸೂಚಿಯನ್ನು ತೆರೆಯಿರಿ’ ಎಂದರೆ ಕಣ್ಣು ಆ ಮಾತನ್ನೇ ಹುಡುಕುತ್ತದೆ. ಅದರಿಂದ ತಿಳಿಯುವುದೇನೂ ಇಲ್ಲ. ‘ಪೂಜ್ಯಪಾದರ ಯಾವ ಯಾವ ಗ್ರಂಥಗಳು ಈ ಭಂಡಾರದಲ್ಲಿವೆ?’ ಎಂದು ಕೇಳಬೇಕು. ಎಷ್ಟು ಜನರನ್ನು ಕೂರಿಸಬೇಕೆಂಬುದರಲ್ಲಿ ಮತಭೇದವಿದೆ. ಐವರಿಂದ ಸುಮಾರು ಶೇಕಡಾ 85ರಷ್ಟು ದೋಷಗಳು ಹೊರಬೀಳುತ್ತವೆಂದು ನೀಲ್ಸನ್ನರು 2000ದಲ್ಲಿ ಪ್ರತಿಪಾದಿಸಿದರು. ಮರುವರ್ಷವೇ ಸ್ಪೂಲ್ ಮತ್ತು ಶ್ರೋಡರ್ ತಮ್ಮ ಪರೀಕ್ಷೆಗಳಲ್ಲಿ ಮೊದಲ ಐವರಿಂದ ಶೇಕಡಾ 35ರಷ್ಟು ಮಾತ್ರ ಕಂಡುಬಂದುದನ್ನು ತೋರಿಸಿದರು. ಒಂದೇ ಬಗೆಯ ಬಳಕೆದಾರರು, ಸಣ್ಣ ತಾಣ ಎಂಬ ಉಪಾಧಿಯಿದ್ದಲ್ಲಿ ಮೊದಲನೆಯ ಮತವನ್ನು ಒಪ್ಪಬಹುದು. ಪಂಡಿತರು, ಸಂಶೋಧಕರು, ವ್ಯವಸ್ಥಾಪಕರು, ಶ್ರಾವಕರು ಎಂದು ನಾಲ್ಕು ಬಗೆಯವರಿರುವಲ್ಲಿ ಬಗೆಗೆ ಮೂವರು ನಾಲ್ವರಾದರೂ ಬೇಕೆಂದು ತೋರುತ್ತದೆ.

ನಮ್ಮ ಕಡೆ ಈ ಪರೀಕ್ಷೆಗೆ ವಿಶೇಷವಾದ ವಿಘ್ನವೊಂದಿದೆ. ಅದು ದಾಕ್ಷಿಣ್ಯ. ವೃದ್ಧರಾದ ಪಂಡಿತರು ಪರದೆಯ ಮುಂದೆ ತಡವರಿಸುವುದನ್ನು ನೋಡುತ್ತ ಸುಮ್ಮನೆ ಕುಳಿತಿರುವುದು ವಿದ್ಯಾರ್ಥಿಗೆ ಅವಿನಯವೆಂದು ತೋರುತ್ತದೆ. ‘ಇಲ್ಲಿ ಒತ್ತಿ, ಗುರುಗಳೇ’ ಎಂದು ಕೈತೋರಿಸಿಬಿಡುತ್ತಾನೆ. ಪಂಡಿತರಾದರೋ ಹುಡುಗನು ಶ್ರಮಪಟ್ಟಿದ್ದಾನೆಂಬ ವಾತ್ಸಲ್ಯದಿಂದ ‘ಬಹಳ ಚೆನ್ನಾಗಿದೆಯಪ್ಪ’ ಎಂದು ಹರಸಿ ಏಳುತ್ತಾರೆ. ತಮಗೆ ಯಂತ್ರ ಬಾರದೆಂಬ ಸಂಕೋಚದಿಂದ, ದಾರಿ ತಪ್ಪಿದ್ದನ್ನು ತಮ್ಮ ಅಜ್ಞಾನಕ್ಕೇ ಆರೋಪಿಸಿಕೊಳ್ಳುವವರೂ ಉಂಟು. ಇಬ್ಬರ ಸದ್ಗುಣಗಳೂ ಕೂಡಿ ಪರೀಕ್ಷೆಯನ್ನು ಕೆಡಿಸುತ್ತವೆ. ಇಲ್ಲಿ ಪರೀಕ್ಷೆಗೆ ಒಳಪಡುವುದು ತಾಣವೇ ಹೊರತು ಮನುಷ್ಯನಲ್ಲ ಎಂಬುದನ್ನು ಆರಂಭದಲ್ಲಿಯೇ ಇಬ್ಬರೂ ಒಪ್ಪಿಕೊಳ್ಳಬೇಕು. ಪಂಡಿತನು ತಡವರಿಸಿದ ಒಂದೊಂದು ಎಡೆಯೂ ವಿದ್ಯಾರ್ಥಿಗೆ ಲಾಭ; ಅಲ್ಲಿ ಮೌನವಾಗಿರುವುದೇ ಅವನಿಗೆ ವಿನಯ. ಬೇರೆ ತಂಡದ, ಪರಿಚಯವಿಲ್ಲದ ವಿದ್ಯಾರ್ಥಿಯೊಬ್ಬನು ಎದುರಿಗೆ ಕುಳಿತು ಬರೆದುಕೊಂಡರೆ ದಾಕ್ಷಿಣ್ಯದ ಬಾಧೆ ಎಷ್ಟೋ ಕಡಿಮೆಯಾಗುತ್ತದೆ.

ತೃಪ್ತಿಯನ್ನು ಅಳೆಯುವುದಕ್ಕೆ 1986ರಲ್ಲಿ ಜಾನ್ ಬ್ರೂಕ್ ರಚಿಸಿದ ಹತ್ತು ವಾಕ್ಯಗಳ ಪ್ರಶ್ನಾವಳಿಯೊಂದು ಬಳಕೆಯಲ್ಲಿದೆ. ಒಂದೊಂದು ವಾಕ್ಯಕ್ಕೂ 1ರಿಂದ 5ರವರೆಗೆ ಸಮ್ಮತಿಯನ್ನು ಸೂಚಿಸಬೇಕು. ವಾಕ್ಯಗಳು ಒಂದು ಅನುಕೂಲವಾಗಿ ಒಂದು ಪ್ರತಿಕೂಲವಾಗಿ ಬರುತ್ತವೆ. ಅನುಕೂಲ ವಾಕ್ಯದ ಅಂಕದಿಂದ 1ನ್ನು ಕಳೆದು, ಪ್ರತಿಕೂಲ ವಾಕ್ಯದ ಅಂಕವನ್ನು 5ರಿಂದ ಕಳೆದು, ಮೊತ್ತವನ್ನು 2.5ರಿಂದ ಗುಣಿಸಿದರೆ 0ಯಿಂದ 100ರ ಒಳಗಿನ ಸಂಖ್ಯೆ ಬರುತ್ತದೆ. 68ನ್ನು ಮಧ್ಯಮವೆಂದು ಪರಿಗಣಿಸುವುದು ವಾಡಿಕೆ. ಇದು ಶೇಕಡಾವಾರು ಅಂಕವಲ್ಲ. ವರದಿಗಳಲ್ಲಿ ಹಾಗೆಂದು ಬರೆಯುವ ತಪ್ಪು ಸಾಮಾನ್ಯ. ದಾಕ್ಷಿಣ್ಯವು ಈ ಸಂಖ್ಯೆಯನ್ನೂ ಏರಿಸುವುದರಿಂದ, ಹತ್ತು ಹುಡುಕಾಟಗಳಲ್ಲಿ ಎಷ್ಟು ಸಫಲವಾದವು ಎಂಬ ಎಣಿಕೆಗೆ ಇದಕ್ಕಿಂತ ಹೆಚ್ಚು ಬೆಲೆ ಕೊಡತಕ್ಕದ್ದು. ಭಂಡಾರದಲ್ಲಿ ಇದೆಯೆಂದು ನಿಶ್ಚಿತವಾಗಿ ತಿಳಿದ ಪ್ರತಿಗಳನ್ನೇ ಆರಿಸಿ, ಅವುಗಳ ಪರ್ಯಾಯನಾಮದಿಂದ, ಕರ್ತೃವಿನಿಂದ, ಆದಿವಾಕ್ಯದಿಂದ, ದಾನಿಯ ಹೆಸರಿನಿಂದ ಹುಡುಕಿಸಿದರೆ ‘ಇದ್ದೂ ಇಲ್ಲ’ವೆಂದ ಸಂದರ್ಭಗಳು ಎಷ್ಟೆಂಬುದು ಖಚಿತವಾಗಿ ತಿಳಿಯುತ್ತದೆ.

ಒಪ್ಪಿಸುವಿಕೆ

ಸೆಮಿಸ್ಟರು ಮುಗಿದು ಅಂಕಗಳು ಬಂದ ಮೇಲೆ ವಿದ್ಯಾರ್ಥಿಗಳು ಚದುರುತ್ತಾರೆ. ಆಗಲೇ ತಾಣದ ನಿಜವಾದ ಆಯುಷ್ಯ ಆರಂಭವಾಗುವುದು. ವಿದ್ಯಾರ್ಥಿಯೊಬ್ಬನ ಸ್ವಂತ ಖಾತೆಯಲ್ಲಿ ನೋಂದಾಯಿಸಿದ ತಾಣದ ಹೆಸರು, ಅವನು ವಾರ್ಷಿಕ ಶುಲ್ಕವನ್ನು ಕಟ್ಟದ ದಿನ ಇಲ್ಲವಾಗುತ್ತದೆ. ಆದ್ದರಿಂದ ಹೆಸರಿನ ನೋಂದಣಿ, ಗುಪ್ತಪದಗಳು, ತಾಣದ ಸಮಸ್ತ ಕಡತಗಳು ಇವು ಭಂಡಾರದ ಅಥವಾ ಸಂಸ್ಥೆಯ ವಶದಲ್ಲಿರತಕ್ಕದ್ದು. ಸೂಚಿಯ ಮೂಲಸಾಮಗ್ರಿಯು ತಾಣದೊಳಗೆ ಮಾತ್ರ ಇರದೆ, ಯಾವ ತಂತ್ರಾಂಶದಿಂದಲೂ ತೆರೆಯಬಹುದಾದ ಸರಳ ಕೋಷ್ಟಕವಾಗಿ, ಯೂನಿಕೋಡಿನಲ್ಲಿ, ಬೇರೆಬೇರೆ ಕಡೆ ಎರಡು ಮೂರು ಪ್ರತಿಗಳಾಗಿ ಇರಬೇಕು. ಕಾಗದದ ಮೇಲೆ ಅಚ್ಚಾದ ಒಂದು ಪ್ರತಿಯೂ ಇದ್ದರೆ ಅನ್ಯಥಾ ಭಾವಿಸಬೇಕಾಗಿಲ್ಲ. ಓಲೆಗಳ ಛಾಯಾಚಿತ್ರಗಳನ್ನು ತಾಣದಲ್ಲಿಡುವ ವಿಚಾರವು ಸೂಚಿಗಿಂತ ಭಿನ್ನವಾದುದು. ಭಂಡಾರದ ಅಧಿಕಾರಿಗಳ ಲಿಖಿತ ಅನುಮತಿಯಿಲ್ಲದೆ, ಯಾವ ಯಾವ ಗ್ರಂಥಗಳು ಎಂಬ ಪಟ್ಟಿಯಿಲ್ಲದೆ ವಿದ್ಯಾರ್ಥಿಗಳು ಅದಕ್ಕೆ ಕೈಹಾಕಬಾರದು.

ಪ್ರತಿಯೊಂದು ನಮೂದಿನ ಕೆಳಗೂ ಅದನ್ನು ಮಾಡಿದವರು ಯಾರು, ಕಟ್ಟನ್ನು ಪ್ರತ್ಯಕ್ಷವಾಗಿ ನೋಡಿ ಮಾಡಿದರೋ ಹಳೆಯ ಸೂಚಿಯಿಂದ ತೆಗೆದುಕೊಂಡರೋ, ಕೊನೆಯ ತಿದ್ದುಪಡಿ ಯಾವ ದಿನದ್ದು ಎಂಬುದು ಕಾಣುತ್ತಿರಲಿ. ಅದರ ಪಕ್ಕದಲ್ಲಿಯೇ ತಿದ್ದುಪಡಿಯನ್ನು ಸೂಚಿಸುವ ಪೆಟ್ಟಿಗೆಯೊಂದಿದ್ದು, ಅಲ್ಲಿ ಬಂದ ಸೂಚನೆಯು ಯಾರ ಕೈಗೆ ತಲುಪುತ್ತದೆ, ಎಷ್ಟು ದಿನಗಳೊಳಗೆ ಅವರು ಓಲೆಯನ್ನು ನೋಡಿ ಉತ್ತರಿಸುತ್ತಾರೆ ಎಂಬುದನ್ನು ತಾಣವನ್ನು ಒಪ್ಪಿಸಿಕೊಳ್ಳುವ ದಿನವೇ ಗೊತ್ತುಪಡಿಸಿ ಆ ಪುಟದಲ್ಲಿಯೇ ಬರೆಯಿಸತಕ್ಕದ್ದು.